ಲಿನಕ್ಸ್ ಅಪ್‌ಡೇಟ್ ಅರ್ಧಕ್ಕೆ ನಿಂತರೆ: ಕೊಡಗಿನ ಡೆಸ್ಕ್‌ಟಾಪ್‌ಗಳಿಗೊಂದು ದೋಷ ನಿವಾರಣೆ ಕೈಪಿಡಿ

ಎಸ್ಟೇಟ್ ರೈಟರ್ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವ ಹಳೇ ಮಿಷಿನ್, ಹೋಮ್‌ಸ್ಟೇ ಬುಕಿಂಗ್ ನೋಡುವ ಕಂಪ್ಯೂಟರ್, ಮಕ್ಕಳ ಓದಿಗೆಂದು ಮನೆಯ ಮೂಲೆಯಲ್ಲಿಟ್ಟ ಡೆಸ್ಕ್‌ಟಾಪ್. ಇವುಗಳಲ್ಲಿ ಕೆಲವು ಮೊದಲಿನಿಂದಲೂ ವಿಂಡೋಸ್ ಬದಲು ಲಿನಕ್ಸ್‌ನಲ್ಲೇ, ಅಂದರೆ ಅದರ ಉಬುಂಟು ಅಥವಾ ಲಿನಕ್ಸ್ ಮಿಂಟ್ ರೂಪದಲ್ಲೇ ಇದ್ದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ, ವಿಂಡೋಸ್ 11 ಹಿಡಿಸದ ಮಿಷಿನ್‌ಗಳಿಗೆ ಲಿನಕ್ಸ್ ಹಾಕಿಸಿಕೊಂಡವರೂ ಇದ್ದಾರೆ. ಎಲ್ಲರಿಂದಲೂ ಬರುವ ದೂರು ಒಂದೇ: "ಅಪ್‌ಡೇಟ್ ಆಗ್ತಾ ಇಲ್ಲ." ಬೇಸಿಗೆಯಲ್ಲಿ ಅಪರೂಪಕ್ಕೆ, ಜೂನ್ ಹಿಡಿದ ಮೇಲೆ ಬಿಡುವಿಲ್ಲದೆ.

ಮಳೆಗಾಲಕ್ಕೂ ಸಾಫ್ಟ್‌ವೇರ್‌ಗೂ ಏನು ಸಂಬಂಧ ಅಂದರೆ, ಸಂಬಂಧ ಇದೆ. ಇಲ್ಲಿ ನೋಡಸಿಗುವ ಅಪ್‌ಡೇಟ್ ದೋಷಗಳಲ್ಲಿ ಹೆಚ್ಚಿನವು ಲಿನಕ್ಸ್‌ನ ದೋಷಗಳಲ್ಲ. ಮರ ಬಿದ್ದು ಕರೆಂಟ್ ಹೋದದ್ದು, ಟವರ್ ಸತ್ತು ನೆಟ್ ಹೋದದ್ದು, ಮಿಷಿನ್ ದಿನಗಟ್ಟಲೆ ಆಫ್ ಆಗಿ ಗಡಿಯಾರ ತಪ್ಪಿದ್ದು, ಈ ಮೂರರ ಗುರುತುಗಳು. ಹಾಗಾಗಿ "ಫಾರ್ಮ್ಯಾಟ್ ಮಾಡಿ ಬಿಡಿ" ಎನ್ನುವ ಸಲಹೆಗೆ ಕಿವಿಗೊಡಬೇಡಿ. ಫಾರ್ಮ್ಯಾಟ್ ಮಾಡಿದರೆ ಹೊಸ ಸಿಸ್ಟಮ್‌ಗೂ ಅದೇ ಕರೆಂಟು, ಅದೇ ನೆಟ್ಟು.

ಕೆಳಗಿನದೆಲ್ಲ ಉಬುಂಟು, ಮಿಂಟ್, ಡೆಬಿಯನ್ ಕುಟುಂಬಕ್ಕೆ ಸೇರಿದ್ದು; ಫೆಡೋರಾದವರಿಗೆ ಆಜ್ಞೆಗಳು ಬೇರೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ, ಅಡ್ಡಗೆರೆ ಒಂದೋ ಎರಡೋ ಎಂದು ನೋಡಿಕೊಂಡು ಹಾಕಿ.

ಮೊದಲು ಎಲ್ಲಿ ನಿಂತಿದೆ ಎಂದು ನೋಡಿ

ಚಿತ್ರ ತೋರಿಸುವ ಅಪ್‌ಡೇಟ್ ಮ್ಯಾನೇಜರ್ ದೋಷ ಬಂದಾಗ "ಏನೋ ತೊಂದರೆಯಾಯಿತು" ಎನ್ನುವುದರಾಚೆಗೆ ಹೆಚ್ಚೇನೂ ಬಾಯಿಬಿಡುವುದಿಲ್ಲ. ಅದನ್ನು ಮುಚ್ಚಿ. ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆಯಿರಿ. "ಸುಡೋ ಆಪ್ಟ್ ಅಪ್‌ಡೇಟ್" ಕೊಡಿ, ಅದು ಮುಗಿದ ಮೇಲೆ "ಸುಡೋ ಆಪ್ಟ್ ಅಪ್‌ಗ್ರೇಡ್". ಪಾಸ್‌ವರ್ಡ್ ಹೊಡೆಯುವಾಗ ತೆರೆಯ ಮೇಲೆ ಚುಕ್ಕಿಯೂ ಕಾಣದಿರಬಹುದು, ಕೀಬೋರ್ಡ್ ಕೆಟ್ಟಿಲ್ಲ.

ಈ ಕೆಲಸಕ್ಕೆ ಮೂರು ಹಂತ. ಪೇಟೆಗೆ ಹೋಗುವ ಮುಂಚೆ ಚೀಟಿ ಬರೆಯುವುದು, ಸಾಮಾನು ತರುವುದು, ತಂದದ್ದನ್ನು ಡಬ್ಬಿಗೆ ತುಂಬುವುದು ಇದ್ದ ಹಾಗೆ. ಮೊದಲ ಆಜ್ಞೆ ಹೊಸ ಪ್ಯಾಕೇಜ್‌ಗಳ (ತಂತ್ರಾಂಶದ ಕಟ್ಟುಗಳ) ಪಟ್ಟಿ ತರುತ್ತದೆ. ಎರಡನೆಯದು ಮೊದಲು ಪ್ಯಾಕೇಜ್‌ಗಳನ್ನು ಡೌನ್‌ಲೋಡ್ ಮಾಡಿ, ಆಮೇಲೆ ಇನ್‌ಸ್ಟಾಲ್ ಮಾಡುತ್ತದೆ. ದೋಷ ಪಟ್ಟಿಯಲ್ಲಿದ್ದರೆ ಗಡಿಯಾರ, ನೆಟ್ ಅಥವಾ ಮೂಲದ ವಿಳಾಸ ನೋಡಬೇಕು. ಡೌನ್‌ಲೋಡ್‌ನಲ್ಲಿದ್ದರೆ ನೆಟ್ ಮಾತ್ರ. ಇನ್‌ಸ್ಟಾಲ್‌ನಲ್ಲಿದ್ದರೆ ನೆಟ್ಟನ್ನು ಮರೆತು ಡಿಸ್ಕ್ ಮತ್ತು ಹಿಂದಿನ ಸಲದ ಅರೆಬರೆ ಕೆಲಸದ ಕಡೆ ನೋಡಬೇಕು. ಈ ವಿಂಗಡಣೆ ಮಾಡದೆ ಸಿಕ್ಕಿದ ಆಜ್ಞೆಗಳನ್ನೆಲ್ಲ ಹೊಡೆಯುವುದರಿಂದಲೇ ಸಣ್ಣ ದೋಷ ದೊಡ್ಡದಾಗುವುದು.

ಓದುವ ಕ್ರಮವೂ ಮುಖ್ಯ. "ಇ:" ಎಂದು ಶುರುವಾಗುವ ಸಾಲು ದೋಷ, "ಡಬ್ಲ್ಯು:" ಬರೀ ಎಚ್ಚರಿಕೆ. ಪಟ್ಟಿಯ ಹಂತದಲ್ಲಿ ಕೊನೆಯ ಸಾಲುಗಳನ್ನು ಓದಿದರೆ ಸಾಕು. ಇನ್‌ಸ್ಟಾಲ್ ಹಂತದಲ್ಲಿ ಕೊನೆಯ ಸಾಲು ಪ್ಯಾಕೇಜ್‌ನ ಹೆಸರನ್ನಷ್ಟೇ ಹೇಳುತ್ತದೆ, ನಿಜವಾದ ಕಾರಣ ಅದಕ್ಕಿಂತ ಹತ್ತಿಪ್ಪತ್ತು ಸಾಲು ಮೇಲೆ ಕೂತಿರುತ್ತದೆ. ಸಿಸ್ಟಮ್ ಭಾಷೆ ಕನ್ನಡಕ್ಕಿಟ್ಟವರು ಆಜ್ಞೆಯ ಮುಂದೆ "ಎಲ್‌ಸಿ_ಆಲ್=ಸಿ" ಸೇರಿಸಿದರೆ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ; ಹುಡುಕಲು ಅನುಕೂಲ. ಈ ಒಂದು ಪದ ಮಾತ್ರ ದೊಡ್ಡಕ್ಷರದಲ್ಲಿ.

ಗಡಿಯಾರ: ಇಲ್ಲಿ ಮೊದಲು ಅನುಮಾನಿಸಬೇಕಾದದ್ದು

"ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್" ಎಂದು ಬಂದರೆ ಬೇರೇನನ್ನೂ ಮುಟ್ಟಬೇಡಿ. ಸರ್ವರ್‌ನ ಪಟ್ಟಿಗೆ ತಯಾರಾದ ದಿನಾಂಕ ಇರುತ್ತದೆ. ನಿಮ್ಮ ಮಿಷಿನ್‌ನ ಗಡಿಯಾರ ಅದಕ್ಕಿಂತ ಹಿಂದಿದ್ದರೆ, ಆ ಪಟ್ಟಿ ನಾಳೆಯಿಂದ ಬಂದ ಹಾಗೆ ಕಾಣುತ್ತದೆ, ಆಪ್ಟ್ ಅದನ್ನು ಒಪ್ಪುವುದಿಲ್ಲ. ಸಂದೇಶದಲ್ಲೇ "ಇನ್‌ವ್ಯಾಲಿಡ್ ಫಾರ್ ಅನದರ್" ಎಂದು ದಿನ, ಗಂಟೆ ಬರೆದಿರುತ್ತದೆ. ನಿಮ್ಮ ಗಡಿಯಾರ ಕನಿಷ್ಠ ಅಷ್ಟು ಹಿಂದೆ ಇದೆ ಎಂದೇ ಅದರ ಅರ್ಥ.

ಕಾರಣ ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್. ಗೋಡೆಯ ಕರೆಂಟ್ ಇರುವಷ್ಟು ಹೊತ್ತು ಸೆಲ್‌ಗೆ ಹೆಚ್ಚು ಕೆಲಸವಿಲ್ಲ. ಆದರೆ ನಮ್ಮಲ್ಲಿ ಏಪ್ರಿಲ್, ಮೇ ಗುಡುಗಿಗೆ ಪ್ಲಗ್ ಕಿತ್ತಿಡುತ್ತಾರೆ, ಸರಿಯಾದ ಅಭ್ಯಾಸವೇ. ಕಕ್ಕಡದ ಮಳೆಯಲ್ಲಂತೂ ಲೈನ್ ಸರಿಹೋಗಲು ದಿನಗಳೇ ಹಿಡಿಯುತ್ತವೆ. ಅಷ್ಟೂ ಹೊತ್ತು ಗಡಿಯಾರ ನಡೆಸುವುದು ಆ ಸೆಲ್ ಒಂದೇ. ಐದಾರು ವರ್ಷ ಹಳೇ ಮಿಷಿನ್‌ನಲ್ಲಿ ಅದು ಸತ್ತಿರುವುದೇ ಹೆಚ್ಚು.

ಇದನ್ನು ಗುರುತಿಸುವುದು ಕಷ್ಟವಾಗಲು ಒಂದು ಕಾರಣವಿದೆ. ಸೆಲ್ ಸತ್ತರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಬೇಕು, ನೋಡಿದ ಕೂಡಲೇ ಗೊತ್ತಾಗಬೇಕು ಎಂದುಕೊಳ್ಳುತ್ತೇವೆ. 25.10ಕ್ಕಿಂತ ಹಿಂದಿನ ಉಬುಂಟು ಆವೃತ್ತಿಗಳಲ್ಲಿ ಸಮಯ ಸರಿಪಡಿಸುವ ಟೈಮ್‌ಸಿಂಕ್‌ಡಿ ಎಂಬ ಸೇವೆ ಕೊನೆಯದಾಗಿ ಗೊತ್ತಿದ್ದ ಸಮಯವನ್ನು ಡಿಸ್ಕ್‌ನಲ್ಲಿ ಬರೆದಿಟ್ಟುಕೊಂಡು, ಮಿಷಿನ್ ಎದ್ದಾಗ ಗಡಿಯಾರ ಅದಕ್ಕಿಂತ ಹಿಂದಿದ್ದರೆ ಅಲ್ಲಿಗೆ ತಂದು ನಿಲ್ಲಿಸುತ್ತದೆ. ಹಾಗಾಗಿ ತೋರುವುದು ಎಷ್ಟೋ ವರ್ಷ ಹಿಂದಿನ ದಿನಾಂಕವಲ್ಲ, ಕಳೆದ ವಾರ ಕರೆಂಟ್ ಹೋದ ದಿನದ್ದು. ತಿಂಗಳು ಸರಿ, ವರ್ಷ ಸರಿ, ಯಾರಿಗೂ ಅನುಮಾನ ಬರುವುದಿಲ್ಲ. ಬ್ರೌಸರ್ ಕೂಡ ಸಾಮಾನ್ಯವಾಗಿ ಓಡುತ್ತದೆ, ನಾಲ್ಕೈದು ದಿನದ ವ್ಯತ್ಯಾಸಕ್ಕೆ ಹೆಚ್ಚಿನ ವೆಬ್‌ಸೈಟ್‌ಗಳ ಸರ್ಟಿಫಿಕೇಟ್ ತಕರಾರು ಮಾಡುವುದಿಲ್ಲ. ಅಪ್‌ಡೇಟ್ ಮಾತ್ರ ಆಗುವುದಿಲ್ಲ.

"ಟೈಮ್‌ಡೇಟ್‌ಸಿಟಿಎಲ್" ಎಂದು ಹೊಡೆದು "ಸಿಸ್ಟಮ್ ಕ್ಲಾಕ್ ಸಿಂಕ್ರನೈಸ್ಡ್" ಎದುರು ಯೆಸ್ ಇದೆಯೋ ನೋ ಇದೆಯೋ ನೋಡಿ. ನೋ ಆದರೆ "ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ". ನೆಟ್ ಇದ್ದರೆ ಒಂದೆರಡು ನಿಮಿಷದಲ್ಲಿ ಗಡಿಯಾರ ಸರಿಹೋಗುತ್ತದೆ, ಅಪ್‌ಡೇಟೂ ಆಗುತ್ತದೆ. ಸೆಲ್ ಬದಲಿಸುವವರೆಗೆ ಪ್ರತಿ ದೊಡ್ಡ ಕರೆಂಟ್ ಕಟ್ ನಂತರ ಮತ್ತೆ ಇದೇ ಕಥೆ. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದ ವಾಚ್ ಅಂಗಡಿಯಲ್ಲೂ ಸಿಗುವ ಸೆಲ್ ಇದು, ಬೆಲೆಗೆ ಹೆದರಬೇಕಾಗಿಲ್ಲ.

ಒಂದು ಅಪವಾದ: ಅದೇ ಮಿಷಿನ್‌ನಲ್ಲಿ ವಿಂಡೋಸ್ ಕೂಡ ಇದ್ದು, ಗಡಿಯಾರ ಸರಿಯಾಗಿ 5 ಗಂಟೆ 30 ನಿಮಿಷ ಆಚೀಚೆ ಇದ್ದರೆ ಸೆಲ್ ನಿರಪರಾಧಿ. ವಿಂಡೋಸ್ ಹಾರ್ಡ್‌ವೇರ್ ಗಡಿಯಾರದಲ್ಲಿ ಭಾರತದ ಸಮಯ ಇಡುತ್ತದೆ, ಲಿನಕ್ಸ್ ಗ್ರೀನಿಚ್ ಸಮಯ. "ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1" ಕೊಟ್ಟರೆ ಜಗಳ ಮುಗಿಯುತ್ತದೆ.

ಪಟ್ಟಿ ಬರದಿದ್ದಾಗ ಉಳಿದ ಕಾರಣಗಳು

"ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್" ಎಂದರೆ ಸರ್ವರ್‌ನ ಹೆಸರಿನಿಂದ ವಿಳಾಸ ಹುಡುಕಲು ಆಗಲಿಲ್ಲ. "ಪಿಂಗ್ 1.1.1.1" ಕೊಡಿ. ಉತ್ತರ ಬಾರದಿದ್ದರೆ ನೆಟ್ಟೇ ಇಲ್ಲ, ಟವರ್ ಅಥವಾ ಫೈಬರ್ ಬರಲಿ ಎಂದು ಕಾಯಿರಿ. ಉತ್ತರ ಬಂದೂ ಹೆಸರಿಗೆ ಪಿಂಗ್ ಆಗದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.1 ಅಥವಾ 8.8.8.8 ಹಾಕಿ, ಸಂಪರ್ಕ ಒಮ್ಮೆ ಕಡಿದು ಜೋಡಿಸಿ.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಬರುವ ಇನ್ನೊಂದು ತೊಂದರೆ: ಶೇಕಡ ಸೊನ್ನೆಯಲ್ಲೇ ನಿಂತು "ಕನೆಕ್ಟಿಂಗ್ ಟು" ಎನ್ನುತ್ತಿರುತ್ತದೆ, ಪಕ್ಕದ ಆವರಣದಲ್ಲಿ ಕೋಲನ್‌ಗಳಿಂದ ತುಂಬಿದ ಉದ್ದ ವಿಳಾಸ. ಅದು ಐಪಿವಿ6, ಇಂಟರ್ನೆಟ್‌ನ ಹೊಸ ವಿಳಾಸ ಪದ್ಧತಿ. ಆ ದಾರಿ ಅರ್ಧಂಬರ್ಧ ಕೆಲಸ ಮಾಡುವ ಕಡೆ ಹೀಗಾಗುತ್ತದೆ. "ಸುಡೋ ಆಪ್ಟ್ -ಓ ಅಕ್ವೈರ್::ಫೋರ್ಸ್‌ಐಪಿವಿ4=ಟ್ರೂ ಅಪ್‌ಡೇಟ್" ಎಂದರೆ ಹಳೇ ದಾರಿಯಲ್ಲೇ ಹೋಗುತ್ತದೆ.

"ಹ್ಯಾಶ್ ಸಮ್ ಮಿಸ್‌ಮ್ಯಾಚ್" ಬಂದರೆ ಪಟ್ಟಿ ಅರ್ಧ ಬಂದಿದೆ, ಅಥವಾ ಸರ್ವರ್ ಅದೇ ಹೊತ್ತಿಗೆ ಹೊಸದನ್ನು ತುಂಬಿಕೊಳ್ಳುತ್ತಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ. ಹೋಗದಿದ್ದರೆ ಹಳೇ ಪಟ್ಟಿ ತೆಗೆದು ಹೊಸದು ತರಿಸಬೇಕು. ಇಲ್ಲಿ ಎಲ್ಲರೂ "ಆರ್‌ಎಂ -ಆರ್‌ಎಫ್" ಹೇಳಿಕೊಡುತ್ತಾರೆ. ಒಂದು ಸ್ಪೇಸ್ ತಪ್ಪಿದರೆ ಆ ಆಜ್ಞೆ ಏನು ಬೇಕಾದರೂ ಅಳಿಸುತ್ತದೆ, ಹೊಸಬರ ಕೈಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ. ಹೆಸರು ಬದಲಿಸಿದರೆ ಸಾಕು: "ಸುಡೋ ಎಂವಿ /ವಾರ್/ಲಿಬ್/ಆಪ್ಟ್/ಲಿಸ್ಟ್ಸ್ /ವಾರ್/ಲಿಬ್/ಆಪ್ಟ್/ಲಿಸ್ಟ್ಸ್.ಓಲ್ಡ್", ಆಮೇಲೆ "ಸುಡೋ ಎಂಕೆಡಿಐಆರ್ -ಪಿ /ವಾರ್/ಲಿಬ್/ಆಪ್ಟ್/ಲಿಸ್ಟ್ಸ್/ಪಾರ್ಷಿಯಲ್", ಮತ್ತೆ ಅಪ್‌ಡೇಟ್. ಆದರೂ ಹಟ ಮಾಡಿದರೆ ಸಾಫ್ಟ್‌ವೇರ್ ಮೂಲಗಳ ಕಿಟಕಿಯಲ್ಲಿ ಭಾರತದ ಸರ್ವರ್ ಬಿಟ್ಟು ಮುಖ್ಯ ಸರ್ವರ್ ಆರಿಸಿ.

404, ಅಂದರೆ ಕೇಳಿದ ಫೈಲ್ ಸರ್ವರ್‌ನಲ್ಲಿಲ್ಲ ಎಂದು ಬಂದರೆ ನಿಮ್ಮ ಆವೃತ್ತಿಯ ಆಯಸ್ಸು ನೋಡಿ. ಉಬುಂಟುವಿನ ಎಲ್‌ಟಿಎಸ್ (ದೀರ್ಘ ಬೆಂಬಲದ) ಆವೃತ್ತಿಗೆ 5 ವರ್ಷ ಬೆಂಬಲ, ನಡುವೆ ಬರುವ ಸಾಮಾನ್ಯ ಆವೃತ್ತಿಗೆ 9 ತಿಂಗಳು ಮಾತ್ರ. 23.10 ಹಾಕಿ ಮರೆತಿದ್ದರೆ ಅದರ ಕಾಲ 2024ರ ಜುಲೈಗೇ ಮುಗಿದಿದೆ, ಅಂಥವುಗಳ ಪ್ಯಾಕೇಜ್‌ಗಳನ್ನು ಹಳೇ ಆವೃತ್ತಿಗಳ ಬೇರೆ ಸರ್ವರ್‌ಗೆ ಸಾಗಿಸಿಬಿಡುತ್ತಾರೆ. 20.04ಕ್ಕೂ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ನಿಂತಿತು. ಇಂಥ ಕಡೆ ರಿಪೇರಿಗಿಂತ ಫೈಲ್‌ಗಳ ಬ್ಯಾಕಪ್ ತೆಗೆದು ಹೊಸ ಎಲ್‌ಟಿಎಸ್ ಹಾಕುವುದೇ ಲೇಸು. ಫಾರ್ಮ್ಯಾಟ್ ಬೇಡ ಎಂದವನೇ ಇದನ್ನು ಹೇಳುತ್ತಿದ್ದೇನೆ.

"ನೋ_ಪಬ್‌ಕೀ" ಎಂದರೆ ಪಟ್ಟಿಯ ಸಹಿ ಪರೀಕ್ಷಿಸುವ ಕೀಲಿ ನಿಮ್ಮ ಮಿಷಿನ್‌ನಲ್ಲಿಲ್ಲ; ಅದು ಯಾವ ವಿಳಾಸದ ಎದುರು ಬಂದಿದೆ ಎಂದು ನೋಡಿ. ಬಹುಪಾಲು ಅದು ಉಬುಂಟುವಿನದಲ್ಲ, ಎಂದೋ ಯಾವುದೋ ತಂತ್ರಾಂಶಕ್ಕೆಂದು ಸೇರಿಸಿದ ಹೊರಗಿನ ಮೂಲ. ಬೇಡವಾದರೆ ಸಾಫ್ಟ್‌ವೇರ್ ಮೂಲಗಳ ಕಿಟಕಿಯಲ್ಲಿ ಅದರ ಎದುರಿನ ಟಿಕ್ ಗುರುತು ತೆಗೆದುಹಾಕಿ. ಬೇಕೇ ಬೇಕಾದರೆ ತಯಾರಕರ ಪುಟದಲ್ಲಿರುವ ಹೊಸ ಕೀಲಿಯನ್ನೇ ಹಾಕಿ. ಹಳೇ ಬರಹಗಳಲ್ಲಿರುವ "ಆಪ್ಟ್-ಕೀ" ವಿಧಾನ ಈಗ ಬಳಕೆಯಿಂದ ಹೋಗಿದೆ.

ಡೌನ್‌ಲೋಡ್ ಮತ್ತು ಇನ್‌ಸ್ಟಾಲ್ ಬೇರೆ ಮಾಡಿ

ಕೊಡಗಿನ ಬಳಕೆದಾರರಿಗೆ ನಾನು ಒತ್ತಿ ಹೇಳುವುದು ಇದೊಂದನ್ನೇ. ನೆಟ್ ಇರುವ ಹೊತ್ತು ಒಂದು, ಕರೆಂಟ್ ನಂಬಬಹುದಾದ ಹೊತ್ತು ಇನ್ನೊಂದು. ಎರಡೂ ಒಟ್ಟಿಗೆ ಬರಲಿ ಎಂದು ಕಾಯಬೇಕಿಲ್ಲ. "ಸುಡೋ ಆಪ್ಟ್ -ಡಿ ಅಪ್‌ಗ್ರೇಡ್" ಎಂದರೆ ಬರೀ ಡೌನ್‌ಲೋಡ್ ಆಗುತ್ತದೆ, ಸಿಸ್ಟಮ್‌ನಲ್ಲಿ ಏನೂ ಬದಲಾಗುವುದಿಲ್ಲ. ಈ ಹಂತದಲ್ಲಿ ಕರೆಂಟ್ ಹೋದರೂ ನಷ್ಟವಿಲ್ಲ. ಬಂದ ಪ್ಯಾಕೇಜ್‌ಗಳು "/ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್" ಒಳಗೆ ಕೂತಿರುತ್ತವೆ, ಅರ್ಧ ಬಂದದ್ದು ಮುಂದಿನ ಸಲ ಅಲ್ಲಿಂದಲೇ ಮುಂದುವರಿಯುತ್ತದೆ. ಎಲ್ಲ ಬಂದ ಮೇಲೆ, ಹಗಲು ಮಳೆ ಬಿಟ್ಟಾಗ, ಯುಪಿಎಸ್ ತುಂಬಿದ್ದಾಗ, ಸಾಮಾನ್ಯ "ಸುಡೋ ಆಪ್ಟ್ ಅಪ್‌ಗ್ರೇಡ್" ಕೊಡಿ. ಅಪಾಯದ ಹೊತ್ತು ಕೆಲವೇ ನಿಮಿಷಕ್ಕೆ ಇಳಿಯುತ್ತದೆ.

ಮೊಬೈಲ್ ಡೇಟಾ ಬಳಸುವವರು ಪಟ್ಟಿಯಲ್ಲಿ "ಲಿನಕ್ಸ್-ಫರ್ಮ್‌ವೇರ್" ಇದೆಯೇ ನೋಡಿಕೊಳ್ಳಿ. ಅದೊಂದೇ ಕೆಲವು ನೂರು ಎಂಬಿ ನುಂಗುತ್ತದೆ. ಆಂಡ್ರಾಯ್ಡ್ ಹಾಟ್‌ಸ್ಪಾಟ್ ಅನ್ನು ಲಿನಕ್ಸ್ ತಾನಾಗಿಯೇ "ಮೀಟರ್ಡ್" (ಡೇಟಾಗೆ ಮಿತಿ ಇರುವ ಸಂಪರ್ಕ) ಎಂದು ಗುರುತಿಸಬಲ್ಲದು, ಆಗ ಹಿನ್ನೆಲೆಯಲ್ಲಿ ತಾನಾಗಿ ಆಗುವ ಅಪ್‌ಡೇಟ್ ಸುಮ್ಮನಿರುತ್ತದೆ. ಅದು ದೋಷವಲ್ಲ, ನಿಮ್ಮ ಡೇಟಾ ಉಳಿಸುವ ಉಪಾಯ.

ಭಾಗಮಂಡಲ, ಗಾಳಿಬೀಡು ಕಡೆಯ ತೋಟಗಳಲ್ಲಿ ನೆಟ್ಟೇ ಸಿಗದವರಿಗೆ "ಆಪ್ಟ್-ಆಫ್‌ಲೈನ್" ಇದೆ. ನೆಟ್ ಇದ್ದಾಗಲೇ ಅದನ್ನು ಹಾಕಿಟ್ಟುಕೊಳ್ಳಿ. ಮನೆಯ ಮಿಷಿನ್‌ನಲ್ಲಿ ಅದರ "ಸೆಟ್" ಆಜ್ಞೆ ಏನೇನು ಬೇಕೆಂದು ಒಂದು ಸಣ್ಣ ಫೈಲ್ ಬರೆಯುತ್ತದೆ. ಪೆನ್‌ಡ್ರೈವ್‌ನಲ್ಲಿ ಅದನ್ನು ಪೇಟೆಗೆ ಒಯ್ದು, ನೆಟ್ ಇರುವ ಮಿಷಿನ್‌ನಲ್ಲಿ "ಗೆಟ್" ಅನ್ನು "--ಬಂಡಲ್" ಮತ್ತು ಒಂದು ಜಿಪ್ ಹೆಸರಿನ ಜೊತೆ ಕೊಟ್ಟರೆ ಎಲ್ಲ ಒಂದು ಜಿಪ್ ಆಗಿ ಇಳಿಯುತ್ತದೆ. ಮನೆಗೆ ತಂದು "ಇನ್‌ಸ್ಟಾಲ್" ಕೊಟ್ಟು, ಆಮೇಲೆ ಎಂದಿನ ಅಪ್‌ಗ್ರೇಡ್.

ಇನ್‌ಸ್ಟಾಲ್ ನಡುವೆ ಕರೆಂಟ್ ಹೋದರೆ

ಮಿಷಿನ್ ಎದ್ದ ಮೇಲೆ "ಡಿಪಿಕೆಜಿ ವಾಸ್ ಇಂಟರಪ್ಟೆಡ್" ಎನ್ನುತ್ತದೆ. ಮಾಡಬೇಕಾದ್ದನ್ನೂ ಅದೇ ಸಾಲು ಹೇಳುತ್ತದೆ: "ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ". ಅರ್ಧಕ್ಕೆ ಬಿಟ್ಟ ಪ್ಯಾಕೇಜ್‌ಗಳನ್ನು ಅದು ಒಂದೊಂದಾಗಿ ಮುಗಿಸುತ್ತದೆ. ನಿಧಾನವಾದರೂ ಕಂಟ್ರೋಲ್-ಸಿ ಒತ್ತಬೇಡಿ. ನಡುವೆ ನೀಲಿ ತೆರೆಯಲ್ಲಿ ಪ್ರಶ್ನೆ ಕೇಳಿದರೆ, ಗೊತ್ತಿಲ್ಲದಿದ್ದರೆ ಮೊದಲೇ ಆಯ್ಕೆಯಾಗಿರುವುದನ್ನೇ ಒಪ್ಪಿ. ನಂತರ "ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್", ಆಮೇಲೆ ಮತ್ತೆ ಅಪ್‌ಗ್ರೇಡ್. ಈ ಕ್ರಮವೇ ಕ್ರಮ, ಹಿಂದುಮುಂದು ಬೇಡ. ಒಂದೇ ಪ್ಯಾಕೇಜ್ ಪದೇ ಪದೇ ಅಡ್ಡ ಬಂದರೆ ಅದರ ಹೆಸರು ಹಾಕಿ "ಸುಡೋ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್" ಕೊಡಿ.

ಕರೆಂಟ್ ಹೋದ ಗಳಿಗೆ ಕೆಟ್ಟದಾಗಿದ್ದರೆ ಪ್ಯಾಕೇಜ್‌ಗಳ ಲೆಕ್ಕದ ಪುಸ್ತಕವೇ, ಅಂದರೆ "/ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್" ಫೈಲೇ, ಹಾಳಾಗಿರಬಹುದು. ಗಾಬರಿಯಾಗಬೇಡಿ. ಅದೇ ಫೋಲ್ಡರ್‌ನಲ್ಲಿ "ಸ್ಟೇಟಸ್-ಓಲ್ಡ್" ಇದೆ, "/ವಾರ್/ಬ್ಯಾಕಪ್ಸ್" ಒಳಗೆ "ಡಿಪಿಕೆಜಿ.ಸ್ಟೇಟಸ್.0" ಕೂಡ ಇರುತ್ತದೆ. ಹಾಳಾದ ಫೈಲ್ ಅನ್ನು ಬೇರೆ ಹೆಸರಿನಲ್ಲಿ ಉಳಿಸಿ, ಬ್ಯಾಕಪ್ ಅನ್ನು ಅದರ ಜಾಗಕ್ಕೆ ನಕಲು ಮಾಡಿ, ಮೇಲಿನ ಕ್ರಮ ಮತ್ತೆ ಮಾಡಿ.

ಮಿಷಿನ್ ಏಳದೇ ಇದ್ದರೆ? ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಅರ್ಧ ಕೂತಿರುತ್ತದೆ, ಹಳೆಯದು ಹಾಗೇ ಇರುತ್ತದೆ. ಆನ್ ಮಾಡಿದ ಕೂಡಲೇ ಹಳೇ ಬಯಾಸ್ ಮಿಷಿನ್‌ಗೆ ಶಿಫ್ಟ್ ಹಿಡಿದುಕೊಳ್ಳಿ, ಯುಇಎಫ್ಐ ಮಿಷಿನ್‌ಗೆ ಎಸ್ಕೇಪ್ ಒತ್ತಿ. ಆಗ ಕಾಣುವ ಗ್ರಬ್ ಮೆನುವಿನ (ಯಾವುದರಿಂದ ಏಳಬೇಕೆಂದು ಕೇಳುವ ಪಟ್ಟಿಯ) "ಅಡ್ವಾನ್ಸ್ಡ್ ಆಪ್ಷನ್ಸ್" ಒಳಗೆ ಹಿಂದಿನ ಕರ್ನಲ್ ಆರಿಸಿ. ಎದ್ದ ಮೇಲೆ ಮೇಲಿನ ಮೂರು ಆಜ್ಞೆಗಳು.

"ಕುಡ್ ನಾಟ್ ಗೆಟ್ ಲಾಕ್" ಬಂದರೆ ಇನ್ನೊಂದು ಅಪ್‌ಡೇಟ್ ಆಗಲೇ ನಡೆಯುತ್ತಿದೆ ಎಂದರ್ಥ. ದಿನಗಟ್ಟಲೆ ಆಫ್ ಇದ್ದ ಮಿಷಿನ್ ಆನ್ ಆದ ಕೂಡಲೇ ತಾನೇ ಅಪ್‌ಡೇಟ್ ಶುರು ಮಾಡುವುದರಿಂದ ನಮ್ಮಲ್ಲಿ ಇದು ಮಾಮೂಲು. ಲಾಕ್ ಫೈಲ್ ಅಳಿಸಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಕೇಳಬೇಡಿ. ಎರಡು ಕೈ ಒಟ್ಟಿಗೆ ಒಂದೇ ಲೆಕ್ಕ ಬರೆಯದಂತೆ ತಡೆಯುವುದು ಆ ಲಾಕ್. ಅದು ಮುಗಿಯುವವರೆಗೆ ಬೇರೆ ಕೆಲಸ ನೋಡಿ.

ಡಿಸ್ಕ್‌ನ ತಕರಾರು

"ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಬಂದು, ಡಿಸ್ಕ್‌ನಲ್ಲಿ ಜಾಗ ಧಾರಾಳ ಇದ್ದರೆ "ಡಿಎಫ್ -ಎಚ್ /ಬೂಟ್" ನೋಡಿ. ಎನ್‌ಕ್ರಿಪ್ಟ್ ಮಾಡಿಸಿಕೊಂಡ ಮಿಷಿನ್‌ಗಳಲ್ಲಿ ಬೂಟ್‌ಗೆ ಬೇರೆಯೇ ಸಣ್ಣ ವಿಭಾಗ ಇರುತ್ತದೆ, ಹಳೇ ಕರ್ನಲ್‌ಗಳು ಅದನ್ನು ತುಂಬುತ್ತವೆ. "ಸುಡೋ ಆಪ್ಟ್ ಆಟೋರಿಮೂವ್ --ಪರ್ಜ್" ಸಾಕು. ಫೈಲ್ ಮ್ಯಾನೇಜರ್ ತೆರೆದು ಬೂಟ್ ಒಳಗಿನದನ್ನು ಕೈಯಾರೆ ಅಳಿಸಬೇಡಿ.

"ರೀಡ್-ಓನ್ಲಿ ಫೈಲ್ ಸಿಸ್ಟಮ್" ಬಂದರೆ ಅಪ್‌ಡೇಟ್ ವಿಷಯ ಅಲ್ಲಿಗೆ ಬಿಡಿ. ಡಿಸ್ಕ್‌ನಲ್ಲಿ ದೋಷ ಕಂಡ ಲಿನಕ್ಸ್ ಇನ್ನಷ್ಟು ಹಾಳಾಗದಿರಲಿ ಎಂದು ಬರೆಯುವುದನ್ನೇ ನಿಲ್ಲಿಸಿದೆ. ಮೊದಲು ಚೆಕ್‌ರೋಲ್, ಫೋಟೋ, ಲೆಕ್ಕಪತ್ರ ಪೆನ್‌ಡ್ರೈವ್‌ಗೆ ತೆಗೆಯಿರಿ. ಆಮೇಲೆ ಲಿನಕ್ಸ್ ಯುಎಸ್‌ಬಿಯಿಂದ ಬೂಟ್ ಮಾಡಿ ಆ ವಿಭಾಗಕ್ಕೆ "ಎಫ್‌ಎಸ್‌ಸಿಕೆ -ಎಫ್" ಓಡಿಸಿ. ಮಿಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಸಾಟಾ ಕೇಬಲ್‌ನ ಎರಡೂ ತುದಿ ಬಿಚ್ಚಿ ಒರೆಸಿ ಹಾಕಿ. ತಿಂಗಳುಗಟ್ಟಲೆ ಒಣಗದ ಗಾಳಿಯಲ್ಲಿ ಆ ಸಂಪರ್ಕವೂ ಕೆಡುತ್ತದೆ. ಡಿಸ್ಕ್‌ನ ಹೆಸರು ಸೇರಿಸಿ ಕೊಟ್ಟ "ಸುಡೋ ಸ್ಮಾರ್ಟ್‌ಸಿಟಿಎಲ್ -ಎ" ತೋರಿಸುವುದರಲ್ಲಿ "ಪೆಂಡಿಂಗ್ ಸೆಕ್ಟರ್" ಎದುರಿನ ಸಂಖ್ಯೆ ಸೊನ್ನೆಯಾಗಿರದೆ ಏರುತ್ತಾ ಹೋದರೆ ಡಿಸ್ಕ್ ಬದಲಿಸಿ, ಚೌಕಾಸಿ ಬೇಡ.

ದೋಷವೇ ಅಲ್ಲದ್ದು

"ಕೆಪ್ಟ್ ಬ್ಯಾಕ್" ಎಂದು ಕೆಲವು ಪ್ಯಾಕೇಜ್‌ಗಳು ಉಳಿದರೆ ಬಹುತೇಕ ಏನೂ ಮಾಡಬೇಕಿಲ್ಲ. ಉಬುಂಟು ಹೊಸ ಅಪ್‌ಡೇಟ್ ಅನ್ನು ಎಲ್ಲರಿಗೂ ಒಂದೇ ದಿನ ಕೊಡದೆ ಹಂತಹಂತವಾಗಿ ಬಿಡುತ್ತದೆ. ನಿಮ್ಮ ಸರದಿ ಬಂದಾಗ ತಾನಾಗಿ ಬರುತ್ತದೆ. ವಾರಗಟ್ಟಲೆ ಹಾಗೇ ಇದ್ದರೆ "ಆಪ್ಟ್-ಮಾರ್ಕ್ ಶೋಹೋಲ್ಡ್" ಕೊಟ್ಟು, ಯಾರಾದರೂ ಅದನ್ನು ತಡೆಹಿಡಿದಿದ್ದಾರೆಯೇ ನೋಡಿ. ಫೈರ್‌ಫಾಕ್ಸ್ ಬಗ್ಗೆ "ಪೆಂಡಿಂಗ್ ಅಪ್‌ಡೇಟ್" ಎಂದರೆ ಅದನ್ನು ಪೂರ್ತಿ ಮುಚ್ಚಿ "ಸುಡೋ ಸ್ನ್ಯಾಪ್ ರಿಫ್ರೆಶ್" ಕೊಟ್ಟರೆ ಮುಗಿಯಿತು.

ಇಷ್ಟರಲ್ಲೂ ಬಗೆಹರಿಯದೆ ಗೊತ್ತಿದ್ದವರಿಗೆ ಫೋನ್ ಮಾಡುವುದಾದರೆ, ತೆರೆಯ ಮಸುಕು ಫೋಟೋ ಬದಲು "/ವಾರ್/ಲಾಗ್/ಆಪ್ಟ್/ಟರ್ಮ್.ಲಾಗ್" ಫೈಲ್ ಕಳಿಸಿ. ಜೊತೆಗೆ "ಎಲ್‌ಎಸ್‌ಬಿ_ರಿಲೀಸ್ -ಎ", "ಡಿಎಫ್ -ಎಚ್" ಮತ್ತು "ಟೈಮ್‌ಡೇಟ್‌ಸಿಟಿಎಲ್" ತೋರಿಸಿದ್ದನ್ನು ನಕಲು ಮಾಡಿ ಸೇರಿಸಿ, ಕೊನೆಯ ಸಲ ಕರೆಂಟ್ ಯಾವಾಗ ಹೋಗಿತ್ತು ಎಂದೂ ಬರೆಯಿರಿ.